ಒರೆಸಿ ಕಳಿಸಿದ ಇಟ್ಟಿಗೆಗಳು

ಪೋಲೆಂಡಿಗೆ ಹೋಗಿಬಂದೆ ಅಂದ ಕೂಡಲೇ ಸಹಕಾರನಗರದ ನಮ್ಮ ಬೀದಿಯವರು ಮೊದಲು ಕೇಳಿದ್ದು ಚಳಿ ಎಷ್ಟಿತ್ತು ಅಂತ, ಆಮೇಲೆ ಊಟಕ್ಕೇನು ಮಾಡಿದಿರಿ ಅಂತ. ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೆಯುವ ಹೆಂಗಸರು ಫೋಟೋ ತೋರಿಸಿ ಅಂತ ಹಿಂದೆ ಬಿದ್ದರು. ಚೌಕ, ಚರ್ಚು, ಪಾರಿವಾಳ, ಹೆಪ್ಪುಗಟ್ಟಿದ ಕೆರೆ, ಎಲ್ಲ ತೋರಿಸಿದೆ. ತೋರಿಸದೇ ಉಳಿದದ್ದು ಒಂದಿದೆ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬರೆಯುವುದಾದರೆ ಅದನ್ನೇ ಬರೆಯಬೇಕು. ಚೌಕ ಪಾರಿವಾಳಗಳನ್ನು ಯಾರು ಬೇಕಾದರೂ ಬರೆದಾರು.

ದಾಸರಹಳ್ಳಿ, ಹೊರಡುವ ಮೊದಲು

ಟಿ. ದಾಸರಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಗ್ರಾಫೈಟ್ ಕಡಿಯುತ್ತೇವೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಕರಿಯ ವಸ್ತುವೇ ದೊಡ್ಡ ದಿಮ್ಮಿಯಾಗಿ ಬರುತ್ತದೆ. ಕೇಳಿದ ಅಳತೆಗೆ ಕಡಿದು ಕೊಡುವುದು ನಮ್ಮ ಕೆಲಸ. ಮೆಷಿನ್ನುಗಳನ್ನು ಯಜಮಾನರು ನೋಡುತ್ತಾರೆ. ಅಳತೆ ತಪಾಸಣೆ, ಪತ್ರ ವ್ಯವಹಾರ ನನ್ನದು. ಸಂಜೆ ಮನೆಗೆ ಬಂದು ಮುಖ ತೊಳೆದರೆ ಬಚ್ಚಲಿಗೆ ಮಸಿ ಹರಿಯುತ್ತದೆ.

ಪೋಲೆಂಡಿನ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಗ್ರಾಫೈಟ್ ಇಟ್ಟಿಗೆಗಳು ಬೇಕಾಗಿದ್ದವು. ಅವನ್ನು ಗುಡ್ಡೆಯಾಗಿ ಜೋಡಿಸಿ, ಒಳಗೆ ನ್ಯೂಟ್ರಾನ್‌ಗಳನ್ನು ಬಿಟ್ಟು, ಅವು ಹೇಗೆ ಓಡಾಡಿ ಹೇಗೆ ಇಲ್ಲವಾಗುತ್ತವೆ ಅಂತ ಅಳೆಯುವ ಪ್ರಯೋಗ ಅವರದು. ತುಂಬ ಶುದ್ಧವಾದ ಗ್ರಾಫೈಟ್ ಕಾರ್ಖಾನೆಯ ಮುದ್ರೆ ಸಮೇತ ನಮ್ಮಲ್ಲಿಗೆ ಬಂತು. ಕೈಗವಸು ಇಲ್ಲದೆ ಮುಟ್ಟಬಾರದು, ಎಣ್ಣೆ ತಾಗಬಾರದು, ಬೇರೆ ಲೋಹ ಕಡಿದ ಟೂಲು ಬಳಸಬಾರದು ಅಂತ ಅವರು ಬರೆದಿದ್ದ ಒಂದೊಂದನ್ನೂ ಪಾಲಿಸಿದೆವು. ಆ ಮೆಷಿನ್ನಿನ ಹತ್ತಿರ ಊಟದ ಡಬ್ಬಿ ಬಿಚ್ಚಲೂ ನಾನು ಬಿಡುತ್ತಿರಲಿಲ್ಲ.

ಇಟ್ಟಿಗೆಗಳು ಸಿದ್ಧವಾಗಿ ಪೆಟ್ಟಿಗೆ ಸೇರುವ ಮುಂಚೆ ಆಯುಧಪೂಜೆ ಬಂತು.

ವರ್ಕ್‌ಶಾಪಿನ ಪೂಜೆ ಮಾಡುವುದು ನಮ್ಮತ್ತೆ. ಮಾಕಳಿಯ ಬೇಸಾಯಗಾರರ ಮನೆಯ ಮಗಳು, ಅಂಗಡಿ ಕುಂಕುಮ ಮುಟ್ಟುವವರಲ್ಲ. ಅರಿಶಿನದ ಕೊಂಬಿಗೆ ನಿಂಬೆರಸ, ಪಟಿಕ, ಬಿಳಿಗಾರ ಸೇರಿಸಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ ತಾವೇ ಮಾಡುತ್ತಾರೆ. ಪಟಿಕ, ಬಿಳಿಗಾರ ತಂದುಕೊಡುವುದು ನಾನೇ, ಯಶವಂತಪುರದ ಗ್ರಂಧಿಗೆ ಅಂಗಡಿಯಿಂದ. ಅವತ್ತು ಅತ್ತೆ ಲೇಥಿಗೆ, ಮಿಲ್ಲಿಂಗ್ ಮೆಷಿನ್ನಿಗೆ, ತಕ್ಕಡಿಗೆ, ನನ್ನ ಸ್ಕೂಟರಿಗೆ, ಕೊನೆಗೆ ಬೆಂಕಿ ಆರಿಸುವ ಮರಳಿನ ಬಕೆಟ್ಟಿಗೂ ಬೊಟ್ಟಿಟ್ಟು, ಇಟ್ಟಿಗೆಗಳ ಕಡೆಗೆ ನಡೆದರು. ಅದು ಬೇಡ ಅಂತ ಬಾಯಿಗೆ ಬಂತು. ಹಬ್ಬದ ದಿನ, ಕೆಲಸದವರೆಲ್ಲ ಹೊಸ ಬಟ್ಟೆಯಲ್ಲಿ ಸುತ್ತ ನಿಂತಿದ್ದಾರೆ, ಹೇಗೆ ಹೇಳಲಿ.

"ಒರಗಿಂದ್ ಬಂದೈತೆ ಅಂತ ಬಿಟ್ಬಿಡೋಕಾಯ್ತದಾ? ಕೆಲ್ಸ ಕೊಟ್ಟಿರೋ ವಸ್ತು ಕಣಮ್ಮ," ಅಂದರು ಅತ್ತೆ.

ಒಂದನ್ನೂ ಬಿಡಲಿಲ್ಲ. ಎಲ್ಲದಕ್ಕೂ ವಿಭೂತಿಯ ಮೂರು ಗೆರೆ, ನಡುವೆ ಒತ್ತಿ ಇಟ್ಟ ಕುಂಕುಮ. ಕರಿಯ ಇಟ್ಟಿಗೆಯ ಮೇಲೆ ಆ ಕೆಂಪು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಮಾರನೆಯ ದಿನ ಅದನ್ನೇ ನೋಡುತ್ತ ನಿಂತಾಗ ನನಗೆ ಕಂಡದ್ದು ಬೇರೆ. ಪೋಲೆಂಡಿನ ಪ್ರೊಫೆಸರು ಪೆಟ್ಟಿಗೆ ತೆರೆಯುತ್ತಾರೆ, ಇಟ್ಟಿಗೆಗೆ ಬೊಟ್ಟು, ಸುತ್ತಲಿದ್ದವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ನೆನೆದೇ ನಾಚಿಕೆಯಾಯಿತು. ಅತ್ತೆ ಮನೆಯಲ್ಲಿದ್ದ ಹೊತ್ತು ನೋಡಿ, ಕೈಗವಸು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೂ ನಾನೇ ಒರೆಸಿದೆ. ಬಟ್ಟೆ ಕೆಂಪಾದಾಗಲೆಲ್ಲ ಹಿಂಡಿ ಮತ್ತೆ ಒರೆಸಿದೆ. ಒಂದು ಚುಕ್ಕೆ ಕೆಂಪೂ ಉಳಿಯಲಿಲ್ಲ. ಒಣಗಿಸಿ, ಫೋಟೋ ತೆಗೆದು ಕಳಿಸಿ, ಪೆಟ್ಟಿಗೆಗೆ ಹಾಕಿಸಿದೆ.

ಕೆಲವು ಇಟ್ಟಿಗೆಗಳನ್ನು ಜೋಡಿಸುವಾಗ ಅಲ್ಲೇ ಸ್ವಲ್ಪ ತಿದ್ದಬೇಕಾದೀತು, ನಿಮ್ಮ ಕಡೆಯಿಂದ ಒಬ್ಬರು ಬನ್ನಿ ಅಂತ ಅವರು ಕೇಳಿದ್ದರು. ಯಜಮಾನರಿಗೆ ವಿಮಾನ ಅಂದರೆ ಆಗದು. "ಅಳತೆ ನಿಂದು, ಇಂಗ್ಲಿಷೂ ನಿಂದೇ. ನೀನೇ ಹೋಗು ಕಣೇ," ಅಂದುಬಿಟ್ಟರು.

ಸ್ಕ್ಯಾನರಿನ ಮುಂದೆ

ಹೊರಡುವ ದಿನ ಅತ್ತೆ ಕೈಗೆ ಕುಂಕುಮದ ಪುಟ್ಟ ಹಿತ್ತಾಳೆ ಡಬ್ಬಿ ಕೊಟ್ಟರು. ನಾನು ಸಾರಿನ ಪುಡಿ ಪೊಟ್ಟಣ ಕಟ್ಟಿಕೊಂಡೆ. ಹಣೆಗೆ ಮಾತ್ರ ಕಂಡೂ ಕಾಣದಂಥ ಸ್ಟಿಕರ್ ಅಂಟಿಸಿಕೊಂಡೆ. ಆ ಕಡೆಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಬ್ಯಾಗು ತೆರೆಸಿ, ಸಾರಿನ ಪುಡಿಗೆ ಮೂಗು ಹತ್ತಿರ ತಂದು, ಸೀನಿದ. ಡಬ್ಬಿ ತೆರೆದು ಇದೇನು ಅಂತ ಕೇಳಿದ. ಕುಂಕುಮ ಅಂತ ವಿವರಿಸುವ ಬದಲು ಮೇಕಪ್ ಅಂದೆ. ತಲೆಯಾಡಿಸಿ ಬಿಟ್ಟ.

ಈ ಪ್ರವಾಸದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅಷ್ಟು ಸಲೀಸಾಗಿ ಬಂದಿತ್ತು.

ಮಾಗ್ದಾಳ ಮನೆ

ನನ್ನನ್ನು ಕರೆದೊಯ್ಯಲು ಬಂದವಳು ಮಾಗ್ದಾ. ಆ ಪ್ರೊಫೆಸರ ಹತ್ತಿರ ಸಂಶೋಧನೆ ಮಾಡುವ ಹುಡುಗಿ, ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಏನೋ ಮರೆತವಳಂತೆ ಜೇಬು ಮುಟ್ಟಿಕೊಳ್ಳುವವಳು. ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ಜಾಗವಿರಲಿಲ್ಲವಂತೆ, ತನ್ನ ತಾಯಿಯ ಮನೆಗೇ ಕರೆದುಕೊಂಡು ಹೋದಳು.

ಆ ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿತ್ತು. ಮೂರು ಅಕ್ಷರ, ನಡುನಡುವೆ ಪುಟ್ಟ ಶಿಲುಬೆ, ಪಕ್ಕದಲ್ಲಿ ಇಸವಿ. ಮಕ್ಕಳ ಕೆಲಸ ಅಂದುಕೊಂಡೆ. ಜನವರಿಯಲ್ಲಿ ಮೂವರು ರಾಜರ ಹಬ್ಬವಿದೆ, ಚರ್ಚಿನಲ್ಲಿ ಪೂಜೆಯಾದ ಸೀಮೆಸುಣ್ಣ ತಂದು ಆ ರಾಜರ ಹೆಸರಿನ ಮೊದಲ ಅಕ್ಷರಗಳನ್ನು ಬಾಗಿಲಿಗೆ ಬರೆಯುತ್ತೇವೆ, ವರ್ಷವೆಲ್ಲ ಮನೆ ಕಾಯುತ್ತದೆ ಅಂತ ಮಾಗ್ದಾ ಹೇಳಿದಳು. ನಮ್ಮ ಹೊಸ್ತಿಲಿನ ರಂಗೋಲಿಯಂತೆ ಇದನ್ನು ದಿನಾ ಬರೆಯುವುದಿಲ್ಲ, ಒಂದು ಸಲ ಬರೆದರೆ ವರ್ಷವೆಲ್ಲ ಇರಬೇಕು.

ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು ಅಂತ ಗೊತ್ತಾಗಿ ಖುಷಿಯಾಯಿತು, ನಮ್ಮ ಹಾಗೇ ಅಂತ. ಬಿಟ್ಟ ಮೇಲೆ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಮಾಗ್ದಾಳ ತಾಯಿ ಅದನ್ನು ನೋಡಿಯೂ ನೋಡದವರಂತೆ ಅತಿಥಿಗಳಿಗೆಂದೇ ಇಟ್ಟಿದ್ದ ಉಣ್ಣೆಯ ಮನೆಚಪ್ಪಲಿ ಮುಂದಿಟ್ಟರು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಪೋಲಿಷ್ ಬಾರದು. ಬೀಟ್‌ರೂಟಿನ ಸಾರು ಬಡಿಸಿದರು, ಹುಳಿಹುಳಿಯಾಗಿ ಚೆನ್ನಾಗಿತ್ತು. ಬ್ರೆಡ್ಡಿನ ಚೂರೊಂದು ನೆಲಕ್ಕೆ ಬಿದ್ದಾಗ ಅದನ್ನು ಎತ್ತಿ, ಮುತ್ತಿಟ್ಟು, ಪಕ್ಕಕ್ಕಿಟ್ಟರು. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವುದು ನೆನಪಾಯಿತು.

ಮಾರನೆಯ ದಿನ ಆಕೆಗೆ ಹೂವು ತಂದುಕೊಟ್ಟೆ. ನಕ್ಕು ತೆಗೆದುಕೊಂಡರು. ಒಳಗೆ ಹೋಗಿ ಒಂದು ಹೂವನ್ನು ಮಾತ್ರ ಬೇರೆ ಲೋಟದಲ್ಲಿ ಇಟ್ಟದ್ದು ಕಂಡಿತು. ಯಾಕೆ ಅಂತ ಮಾಗ್ದಾಳನ್ನು ಕೇಳಿದರೆ, ಅವಳು ಸಂಕೋಚದಿಂದಲೇ ಹೇಳಿದಳು: ಸರಿಸಂಖ್ಯೆಯ ಹೂವು ಸಾವಿನ ಮನೆಗೆ ಒಯ್ಯುವುದು. ಮುಯ್ಯಿಗೆ ಒಂದು ರೂಪಾಯಿ ಸೇರಿಸಿ ಕೊಡುವ ಊರಿನಿಂದ ಹೋದವಳಿಗೆ ಇದು ಹೊಳೆಯಬೇಕಿತ್ತು. ನನ್ನ ತಪ್ಪನ್ನು ಆಕೆ ನನಗೂ ಗೊತ್ತಾಗದಂತೆ ಸರಿಮಾಡಿದ್ದರು.

ಕಪ್ಪು ಗುಡ್ಡೆ

ಪ್ರಯೋಗದ ಜಾಗ ಊರಾಚೆ ಬರ್ಚ್ ಮರಗಳ ನಡುವೆ ಇತ್ತು. ದಪ್ಪ ಗೋಡೆಯ ಹಾಲು, ಅದರ ಪಕ್ಕದಲ್ಲಿ ಕಂಟ್ರೋಲ್ ರೂಮು. ಆ ರೂಮಿನ ಕಬ್ಬಿಣದ ಬಾಗಿಲಿನ ಮೇಲೂ ಸೀಮೆಸುಣ್ಣದ ಅದೇ ಮೂರು ಅಕ್ಷರ. ಬರೆದವಳು ಮಾಗ್ದಾ. ಪ್ರೊಫೆಸರು ದೇವರನ್ನು ನಂಬುವವರಲ್ಲವಂತೆ, ಆದರೆ ಗುಡಿಸುವವರು ಅದನ್ನು ಒರೆಸಲು ಹೋದರೆ ಬೇಡ ಅಂತಾರಂತೆ. ಹೇಳಿ ನಕ್ಕಳು, ನಾನೂ ನಕ್ಕೆ.

ಒಳಗೆ ಪ್ರೊಫೆಸರಿದ್ದರು. ಮೃದು ಮಾತಿನ ಮುದುಕರು, ಸ್ವೆಟರಿನ ಮೊಣಕೈಗೆ ತೇಪೆ. ಕೈಕುಲುಕಿ, ಚಹಾ ಕೊಟ್ಟು, ಇಟ್ಟಿಗೆಗಳ ಕೆಲಸ ಬಲು ಚೆನ್ನಾಗಿದೆ ಅಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಕಡಿದ ಮೇಲೆ ಇಟ್ಟಿಗೆಗಳಿಗೆ ಏನನ್ನಾದರೂ ಹಚ್ಚಿದಿರಾ? ಎಣ್ಣೆ, ಬಣ್ಣ, ಗುರುತಿನ ಶಾಯಿ, ಏನೇ ಆಗಲಿ.

ಏನೂ ಇಲ್ಲ ಅಂದೆ.

ಅವರ ಬೆನ್ನ ಹಿಂದೆಯೇ ಆ ಬಾಗಿಲು ತೆರೆದಿತ್ತು, ಸೀಮೆಸುಣ್ಣದ ಅಕ್ಷರ ಕಾಣುತ್ತಿತ್ತು. ಆದರೂ ಇಟ್ಟಿಗೆಗೆ ಪೂಜೆ ಮಾಡಿದೆವು ಅನ್ನಲು ನಾಲಿಗೆ ಏಳಲಿಲ್ಲ. ಹೇಗೂ ಒರೆಸಿದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಗುಡ್ಡೆ ಕಟ್ಟುತ್ತ ಮಾಗ್ದಾ ನನಗೆ ನ್ಯೂಟ್ರಾನ್‌ಗಳ ಕಥೆ ಹೇಳಿದಳು. ಒಂದು ಯಂತ್ರ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ನ್ಯೂಟ್ರಾನ್‌ಗಳ ಒಂದು ಹಿಡಿಯನ್ನು ಗುಡ್ಡೆಯೊಳಗೆ ಎರಚುತ್ತದೆ. ಅವು ಬರುವಾಗ ಭಾರೀ ವೇಗ. ಗ್ರಾಫೈಟಿನ ಕಣಗಳಿಗೆ ಡಿಕ್ಕಿ ಹೊಡೆದಾಗಲೆಲ್ಲ ಸ್ವಲ್ಪ ವೇಗ ಕಳೆದುಕೊಳ್ಳುತ್ತವೆ, ನೂರಕ್ಕೂ ಹೆಚ್ಚು ಡಿಕ್ಕಿಗಳಾದ ಮೇಲೆ ಸುತ್ತಲಿನ ಬಿಸಿಯ ಮಟ್ಟಕ್ಕೆ ಇಳಿದು ಅಲೆಯತೊಡಗುತ್ತವೆ. ಏರ್‌ಪೋರ್ಟ್ ರಸ್ತೆಯಲ್ಲಿ ಹಾರಿಕೊಂಡು ಬಂದ ಬೈಕು ಸಂಜೆ ಹೆಬ್ಬಾಳದ ಫ್ಲೈಓವರಿಗೆ ಸಿಕ್ಕಿದ ಹಾಗೆ, ಅಂದೆ ನಾನು. ಹೆಬ್ಬಾಳ ಏನು ಅಂತ ಅವಳಿಗೆ ತಿಳಿಸಲು ಸ್ವಲ್ಪ ಹೊತ್ತು ಬೇಕಾಯಿತು. ಹೀಗೆ ವೇಗ ತಗ್ಗಿಸುವ ವಸ್ತುವಿಗೆ ಮಾಡರೇಟರ್ ಅನ್ನುತ್ತಾರೆ. ನೀರೂ ಮಾಡರೇಟರೇ, ಗ್ರಾಫೈಟಿಗಿಂತ ಬಲು ಬೇಗ ತಗ್ಗಿಸುತ್ತದೆ, ಆದರೆ ನ್ಯೂಟ್ರಾನನ್ನು ನುಂಗುವುದೂ ಹೆಚ್ಚು. ಗ್ರಾಫೈಟಿಗೆ ಆತುರವಿಲ್ಲ, ನುಂಗುವ ಚಾಳಿಯೂ ಬಲು ಕಡಿಮೆ.

ಅಲೆಯತೊಡಗಿದ ಮೇಲೆ ನ್ಯೂಟ್ರಾನಿಗೆ ಇರುವುದು ಎರಡೇ ಗತಿ. ಗುಡ್ಡೆಯ ಅಂಚಿಗೆ ಬಂದು ಹೊರಗೆ ಸೋರಿಹೋಗಬೇಕು, ಇಲ್ಲವೇ ಒಳಗೆ ಯಾರಾದರೂ ಅದನ್ನು ನುಂಗಬೇಕು. ತನ್ನಷ್ಟಕ್ಕೆ ಬಿಟ್ಟ ನ್ಯೂಟ್ರಾನು ಕಾಲು ಗಂಟೆ ಬದುಕೀತಂತೆ, ಆಮೇಲೆ ತಾನಾಗೇ ಒಡೆದು ಬೇರೆಯಾಗುತ್ತದೆ. ಗುಡ್ಡೆಯೊಳಗೆ ಯಾವುದಕ್ಕೂ ಅಷ್ಟು ಆಯಸ್ಸಿಲ್ಲ, ಕ್ಷಣದ ಒಂದು ಚೂರಿನಲ್ಲಿ ಎಲ್ಲ ಮುಗಿಯುತ್ತದೆ. ಎಣಿಸುವ ಕೊಳವೆಯೊಂದನ್ನು ಒಳಗಿಟ್ಟು, ಎರಚಿದ ಮೇಲೆ ಉಳಿದವು ಎಷ್ಟು ಬೇಗ ಕಡಿಮೆಯಾಗುತ್ತವೆ ಅಂತ ನೋಡುತ್ತಾರೆ. ಮತ್ತೆ ಎರಚುತ್ತಾರೆ, ಮತ್ತೆ ನೋಡುತ್ತಾರೆ. ಪರದೆಯ ಮೇಲೆ ಇಳಿಜಾರಿನ ಒಂದು ಗೆರೆ ಮೂಡುತ್ತದೆ. ಆ ಇಳಿಜಾರೇ ಅವಳ ಮೂರು ವರ್ಷದ ಕೆಲಸ.

ನಮ್ಮ ಇಟ್ಟಿಗೆಗಳ ಗೆರೆ ಹೆಚ್ಚು ಕಡಿದಾಗಿತ್ತು.

ಮಾಗ್ದಾಳ ಮೇಲೆ ಬಂದದ್ದು

ಅವರ ಹಳೆಯ ಇಟ್ಟಿಗೆಗಳಲ್ಲಿ ಅದೇ ಅಳತೆಯ ಗುಡ್ಡೆ ಕಟ್ಟಿದರೆ ಗೆರೆ ಸರಿಯಾಗಿ ಬರುತ್ತಿತ್ತು. ನಮ್ಮದರಲ್ಲಿ ನ್ಯೂಟ್ರಾನ್‌ಗಳು ಒಂಚೂರು ಬೇಗ ಮುಗಿಯುತ್ತಿದ್ದವು. ಸಣ್ಣ ವ್ಯತ್ಯಾಸ, ಆದರೆ ಎಷ್ಟು ಸಲ ನೋಡಿದರೂ ಹೋಗದ ವ್ಯತ್ಯಾಸ. ಅಳತೆ ತಪ್ಪಿ ಸೋರಿಕೆ ಹೆಚ್ಚಾಗಿದೆಯೇನೋ ಅಂತ ನನಗೆ ಜೀವ ಹೋಯಿತು. ವರ್ನಿಯರ್ ಹಿಡಿದು ಮತ್ತೆ ಅಳೆದೆ, ಅಳತೆ ಸರಿಯಿತ್ತು. ಜಂಭದಿಂದಲೇ ಹೇಳಿದೆ ಕೂಡ.

ಮಾಗ್ದಾ ಗುಡ್ಡೆಯನ್ನು ದೊಡ್ಡದು ಮಾಡಿ ನೋಡಿದಳು. ಗುಡ್ಡೆ ದೊಡ್ಡದಾದಷ್ಟೂ ಸೋರಿಕೆ ಕಡಿಮೆ. ಸೋರಿಕೆ ಕಡಿಮೆಯಾದಷ್ಟೂ ಒಳಗೆ ಕೂತು ನುಂಗುವವನು ಎದ್ದು ಕಾಣುತ್ತಾನೆ. ಎದ್ದು ಕಂಡ.

ಪ್ರೊಫೆಸರು ಗದರಲಿಲ್ಲ, ಆದರೆ ಅನುಮಾನಿಸಿದ್ದು ಮಾಗ್ದಾಳನ್ನೇ. ಗ್ರಾಫೈಟಿನ ಶುದ್ಧತೆಗೆ ಕಾರ್ಖಾನೆಯ ಮುದ್ರೆಯಿದೆ, ಕಡಿದವರು ಕೈಗವಸು ಹಾಕಿಕೊಂಡು ಕಡಿದಿದ್ದಾರೆ, ಏನೂ ಹಚ್ಚಿಲ್ಲ ಅಂತ ಬಂದು ನಿಂತು ಹೇಳುತ್ತಿದ್ದಾರೆ. ಉಳಿದದ್ದು ಅವಳ ಎಣಿಕೆಯ ಕೊಳವೆ, ಅವಳ ಲೆಕ್ಕ. ಇಟ್ಟಿಗೆ ಪೂರ್ತಿ ಕೆಳಗಿಳಿಸಿ ಹೊಸದಾಗಿ ಕಟ್ಟಿ ನೋಡು ಅಂದರು. ವಾರದ ಕೊನೆಗೆ ಆ ನ್ಯೂಟ್ರಾನ್ ಯಂತ್ರ ಬೇರೆ ಗುಂಪಿಗೆ ಹೋಗಬೇಕಿತ್ತು. ಅಷ್ಟರೊಳಗೆ ಆಗದಿದ್ದರೆ ಪ್ರಬಂಧ ಬಿಟ್ಟು ಎಲ್ಲಾದರೂ ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತೇನೆ, ಇನ್ನು ನನಗಾಗಿ ಕಾಯುವವರು ಯಾರೂ ಇಲ್ಲ ಅಂತ ಮಾಗ್ದಾ ಟ್ರಾಮಿನಲ್ಲಿ ಹೇಳಿದಳು. ಕಿಟಕಿಯ ಕಡೆ ತಿರುಗಿಯೇ ಹೇಳಿದ್ದರಿಂದ ಮುಖ ಕಾಣಲಿಲ್ಲ.

ಅದೇ ಟ್ರಾಮಿನಲ್ಲಿ ಅವಳು ಯೋಚಿಸುತ್ತ ಯೋಚಿಸುತ್ತ ಇನ್ನೊಂದು ಮಾತು ಅಂದಳು. ಇಷ್ಟು ನುಂಗಬೇಕಾದರೆ ಅದು ಬೋರಾನೇ ಇರಬೇಕು, ನ್ಯೂಟ್ರಾನಿಗಾಗಿ ಅಷ್ಟು ಹಸಿದಿರುವ ವಸ್ತುಗಳು ಬಲು ಕಡಿಮೆ, ಚಿಟಿಕೆ ಇದ್ದರೂ ಸಾಕು. ನಿಮ್ಮಲ್ಲಿ ಬೋರಾಕ್ಸ್ ಬಳಸುತ್ತೀರಾ?

ಬೋರಾಕ್ಸ್ ಗೊತ್ತಿಲ್ಲದ ವರ್ಕ್‌ಶಾಪು ನಮ್ಮ ಕಡೆ ಉಂಟೇ. ಬ್ರೇಜಿಂಗ್ ಮಾಡುವಾಗ ಬೆಸುಗೆ ಹಿಡಿಯಲು ಉದುರಿಸುವ ಬಿಳಿ ಪುಡಿ. ಅದು ನಮ್ಮಲ್ಲಿ ಬೇರೆ ಶೆಡ್ಡಿನಲ್ಲಿರುತ್ತದೆ, ಇಟ್ಟಿಗೆಗಳ ಹತ್ತಿರ ಸುಳಿದೂ ಇಲ್ಲ ಅಂದೆ. ಅದು ನಿಜವೇ. ಬೋರಾಕ್ಸ್ ಅಂದರೆ ಬಿಳಿಗಾರ, ಬಿಳಿಗಾರ ಅಂದರೆ ಅತ್ತೆಯ ಕುಂಕುಮ. ಗ್ರಂಧಿಗೆ ಅಂಗಡಿಯ ಕಾಗದದ ಪೊಟ್ಟಣ, ಅತ್ತೆ ಅರಿಶಿನ ಒಣಹಾಕುವ ಬಟ್ಟೆ, ಕರಿಯ ಇಟ್ಟಿಗೆಯ ಮೇಲಿನ ಕೆಂಪು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಗ್ರಾಫೈಟಿಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರು ಹೀರುತ್ತದೆ. ಬಿಳಿಗಾರ ನೀರಿನಲ್ಲಿ ಕರಗುತ್ತದೆ. ಒಣ ಕುಂಕುಮವನ್ನು ಹಾಗೇ ಬಿಟ್ಟಿದ್ದರೆ ಅದು ಮೇಲೆಯೇ ಕೂತಿರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬಣ್ಣವನ್ನು ಹೊರಗೆ ತೆಗೆದು ಬಿಳಿಗಾರವನ್ನು ಒಳಗೆ ಕುಡಿಸಿದವಳು ನಾನು.

ಆಗಲೇ ಹೇಳಬಹುದಿತ್ತು. ಪಕ್ಕದಲ್ಲೇ ಕೂತಿದ್ದಳು. ಇಳಿಯುವ ಸ್ಟಾಪು ಬಂತು ಅಂದಳು, ಇಳಿದೆವು.

ಇಟ್ಟಿಗೆ ಹೊತ್ತ ದಿನ

ಮರುದಿನವೂ ಹೇಳಲಿಲ್ಲ. ನಾಲ್ಕು ಮಾತು, ಇಷ್ಟೇ. ಆದರೆ ಹೇಳಿದರೆ ಮೊದಲ ದಿನದ 'ಏನೂ ಇಲ್ಲ' ಸುಳ್ಳಾಗುತ್ತದೆ. ವರ್ಕ್‌ಶಾಪಿನ ಹೆಸರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಇಂಥ ಜನರ ಮುಂದೆ ಅರಿಶಿನ ಕುಂಕುಮ ಆಯುಧಪೂಜೆ ಅಂತ ಶುರುಮಾಡುವುದು ಹೇಗೆ ಅನ್ನುವ ಹಿಂಜರಿಕೆ. ಬಾಗಿಲಿಗೆ ಸೀಮೆಸುಣ್ಣ ಬಳಿದುಕೊಂಡ ಜನರ ಮುಂದೆ.

ಆ ದಿನವೆಲ್ಲ ಮಾಗ್ದಾ ಗುಡ್ಡೆ ಬಿಚ್ಚಿ ಮತ್ತೆ ಕಟ್ಟಿದಳು. ನಾನೂ ಜೊತೆಗೆ ಇಟ್ಟಿಗೆ ಎತ್ತಿಕೊಟ್ಟೆ. ಬೆವರಿ, ಕೂದಲು ಹಣೆಗೆ ಅಂಟಿ, ಅವಳ ಕೆನ್ನೆಯೆಲ್ಲ ಮಸಿಯಾಗಿತ್ತು. ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ, ಬೇರೆಯವರಾದರೆ ಅತಿಥಿ ಅಂತ ಕೂತಿರುತ್ತಿದ್ದರು ಅಂತ ನನಗೇ ಥ್ಯಾಂಕ್ಸ್ ಹೇಳಿದಳು. ಗೆರೆ ಹಿಂದಿನಷ್ಟೇ ಕಡಿದಾಗಿ ಬಂತು. ಮನೆಗೆ ಹೋದಾಗ ಅವಳ ತಾಯಿ ನನಗೆ ಇಷ್ಟ ಅಂತ ಮತ್ತೆ ಬೀಟ್‌ರೂಟಿನ ಸಾರು ಮಾಡಿದ್ದರು. ಬಟ್ಟಲಲ್ಲಿ ಅರ್ಧ ಬಿಟ್ಟೆ.

ಕಂಟ್ರೋಲ್ ರೂಮು

ಅದರ ಮರುದಿನ ಬೆಳಿಗ್ಗೆ ಪ್ರೊಫೆಸರು ಮಾಗ್ದಾಳನ್ನು ಕೂರಿಸಿಕೊಂಡು ಮಾತಾಡಿದರು. ಪೋಲಿಷಿನಲ್ಲಿ ಮಾತಾಡಿದರೂ ನನಗೆ ಅರ್ಥವಾಯಿತು. ಅವಳು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದಳು. ತನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಅಂತ ಒಪ್ಪಿಕೊಳ್ಳುತ್ತಿದ್ದಾಳೆ, ಅದಕ್ಕೆ ಬೇರೆ ಭಾಷೆ ಬೇಕಿಲ್ಲ.

ಬ್ಯಾಗಿನಿಂದ ಹಿತ್ತಾಳೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಇದನ್ನು ಹಚ್ಚಿದ್ದೆವು, ಇದರಲ್ಲಿ ಬೋರಾಕ್ಸ್ ಇದೆ ಅಂದೆ. ಹಬ್ಬ, ಅತ್ತೆ, ಅರಿಶಿನ, ನಿಂಬೆಹಣ್ಣು, ಒದ್ದೆ ಬಟ್ಟೆ, ಎಲ್ಲ ಹೇಳಿದೆ. ಇಂಗ್ಲಿಷ್ ಚೆನ್ನಾಗಿದೆ ಅಂತ ಕಳಿಸಿದ್ದರಲ್ಲ, ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ.

ಪ್ರೊಫೆಸರು ಡಬ್ಬಿ ತೆರೆದು ಬೆಳಕಿಗೆ ಹಿಡಿದರು. ಎಷ್ಟು ಇಟ್ಟಿಗೆಗೆ ಅಂತ ಕೇಳಿದರು. ಎಲ್ಲದಕ್ಕೂ ಅಂದೆ. ಆಮೇಲೆ ಅವರ ಮುಖದಲ್ಲಿ ಸಣ್ಣ ನಗು ಬಂತು, ನಾನು ಹೆದರಿದ್ದ ನಗು ಅದಲ್ಲ. ಅವರು ಓದುವಾಗ ರಸಾಯನಶಾಸ್ತ್ರದ ತರಗತಿಯಲ್ಲಿ ಬೋರಾನ್ ಪತ್ತೆ ಹಚ್ಚಲು ಅರಿಶಿನ ಬಳಿದ ಕಾಗದವನ್ನೇ ಬಳಸುತ್ತಿದ್ದರಂತೆ, ಹುಳಿಯ ಜೊತೆ ಬೋರಾನ್ ಸೇರಿದರೆ ಅರಿಶಿನ ಕೆಂಪಾಗುತ್ತದೆ. ಈ ಕೆಂಪನ್ನು ನೋಡಿದ್ದರೆ ಪೆಟ್ಟಿಗೆ ತೆರೆದ ದಿನವೇ ಕೇಳಿರುತ್ತಿದ್ದೆ ಅಂದರು.

ಮಾಗ್ದಾ ಡಬ್ಬಿಯ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊನ್ನೆ. ಟ್ರಾಮಿನಲ್ಲಿ."

"ನಿನ್ನೆ ನನ್ನ ಜೊತೆ ಇಟ್ಟಿಗೆ ಎತ್ತಿದ್ರಿ."

ಅವಳು ಎದ್ದು ಹೊರಗೆ ಹೋಗಿ ಮರಗಳ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದಳು. ಬಂದವಳು ಸೀದಾ ಕೆಲಸ ಶುರುಮಾಡಿದಳು. ಗುಡ್ಡೆಯ ಒಂದು ಕಿಂಡಿಯಿಂದ ನಿಧಾನದ ನ್ಯೂಟ್ರಾನ್‌ಗಳು ಹೊರಬರುವ ಕಡೆ ಎಣಿಸುವ ಕೊಳವೆ ಇಟ್ಟು, ನಡುವೆ ತೆಳು ಅಲ್ಯೂಮಿನಿಯಂ ತಟ್ಟೆಯಲ್ಲಿ ಕುಂಕುಮ ಹಿಡಿದಳು. ಎಣಿಕೆ ಕುಸಿಯಿತು. ಹೋಲಿಸಲು ಇನ್ನೊಂದು ಪುಡಿ ಬೇಕು ಅಂದಳು. ಸಾರಿನ ಪುಡಿ ಕೊಟ್ಟೆ. ಎಣಿಕೆ ಅಷ್ಟೇನೂ ಇಳಿಯಲಿಲ್ಲ. ಕಂಟ್ರೋಲ್ ರೂಮೆಲ್ಲ ಧನಿಯಾ ಇಂಗಿನ ವಾಸನೆ ಹಿಡಿದು, ಪ್ರೊಫೆಸರು ಮಧ್ಯಾಹ್ನಕ್ಕೆ ಇದನ್ನೇ ಏನಾದರೂ ಮಾಡಬಹುದಾ ಅಂತ ಕೇಳಿದರು. ಮಾಗ್ದಾ ನಗಲಿಲ್ಲ.

ಅಂಗಡಿಯ ಬಣ್ಣದ ಕುಂಕುಮ ಇಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಅತ್ತೆಯದು ಶುದ್ಧವಾಗಿತ್ತು.

ಬಿಸಿನೀರು

ಪ್ರೊಫೆಸರು ಬೇರೆ ಗುಂಪಿನವರನ್ನು ಕೇಳಿಕೊಂಡು ಯಂತ್ರವನ್ನು ಇನ್ನಷ್ಟು ದಿನ ಉಳಿಸಿಕೊಂಡರು. ಶುದ್ಧ ಮಾಡಿದ ನೀರನ್ನು ಕಾಯಿಸಿ ಅದರಲ್ಲಿ ಇಟ್ಟಿಗೆಗಳನ್ನು ಅದ್ದಿಟ್ಟು, ನೀರು ಬದಲಾಯಿಸಿ, ಆಮೇಲೆ ಒಲೆಯಲ್ಲಿ ಒಣಗಿಸುವುದು ಅಂತ ಆಯಿತು. ತೊಳೆಯುವ ಕೆಲಸ ನನ್ನದು ಅಂತ ಹಟ ಮಾಡಿದೆ. ಬಿಸಿ ಹಬೆಯಲ್ಲಿ ನಿಂತು ಒಂದೊಂದನ್ನೂ ತೊಳೆದೆ. ಊರಲ್ಲಿ ಯಾರೂ ನೋಡದ ಹೊತ್ತಿಗೆ ಒರೆಸಿದ್ದನ್ನು ಇಲ್ಲಿ ಎಲ್ಲರ ಕಣ್ಣೆದುರು ತೊಳೆಯುತ್ತಿದ್ದೆ. ಬಂದುಹೋಗುವ ವಿದ್ಯಾರ್ಥಿಗಳಿಗೆಲ್ಲ ವಿಷಯ ಗೊತ್ತಾಗಿತ್ತು. ಒಬ್ಬರೂ ಹಬ್ಬದ ಬಗ್ಗೆ ನಗಲಿಲ್ಲ. ಒಬ್ಬ ಹುಡುಗಿ ನಮ್ಮಜ್ಜಿ ಹೊಸ ಹಿಟ್ಟಿನ ಮೇಲೆ ಶಿಲುಬೆ ಗೀರುತ್ತಾಳೆ ಅಂದಳು. ಅವರು ಒಂದು ಮಾತು ನಕ್ಕಿದ್ದರೂ ನನ್ನ ಭಯಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು.

ಮತ್ತೆ ಗುಡ್ಡೆ ಕಟ್ಟಿದಾಗ ಗೆರೆ ಹೆಚ್ಚುಕಡಿಮೆ ಸರಿಬಂತು. ಪೂರ್ತಿ ಅಲ್ಲ. ಒಂಚೂರು ಬಿಳಿಗಾರ ಎಲ್ಲೋ ಒಳಗೆ ಉಳಿದೇ ಇದೆ. ಇರಲಿ, ಏನು ಅಂತ ಗೊತ್ತಿದೆಯಲ್ಲ, ಲೆಕ್ಕದಲ್ಲಿ ಕಳೆದುಕೊಳ್ಳುತ್ತೇನೆ ಅಂದಳು ಮಾಗ್ದಾ. ಅವಳ ಪ್ರಬಂಧ ಉಳಿಯಿತು. ಹೊರಡುವ ದಿನ ರೈಲು ನಿಲ್ದಾಣದವರೆಗೂ ಬಂದಳು. ಮೊದಲ ದಿನದ ನಗು ಬರಲಿಲ್ಲ, ಬರಬೇಕು ಅಂತ ನಾನು ಕೇಳುವಂತೆಯೂ ಇರಲಿಲ್ಲ. ಆ ಡಬ್ಬಿಯನ್ನು ಇಟ್ಟುಕೊಳ್ಳಬಹುದಾ ಅಂತ ಮಾತ್ರ ಕೇಳಿದಳು, ಮಾದರಿಗೆ. ಕೊಟ್ಟೆ.

ಸಹಕಾರನಗರ, ಮಹಡಿಯ ಮೇಲೆ

ವಿಮಾನ ನಿಲ್ದಾಣದಿಂದ ಬರುವಾಗ ಯಲಹಂಕ ದಾಟುವವರೆಗೂ ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಅಮ್ಮನ ಹತ್ರ ಇದೆಲ್ಲ ಬೇಡ, ನೊಂದ್ಕೋತಾರೆ ಅಂದರು. ಸರಿ ಅಂದೆ.

ನಾಲ್ಕು ದಿನ ಬಿಟ್ಟು ಅತ್ತೆ ಹೊಸ ಕುಂಕುಮಕ್ಕೆ ಕೂತರು. ಮಹಡಿಯ ನೆರಳಲ್ಲಿ ಅರಿಶಿನದ ಕೊಂಬು ಹರಡಿಕೊಂಡು, ಪಕ್ಕದಲ್ಲಿ ಹೋಳು ಮಾಡಿದ ನಿಂಬೆಹಣ್ಣು. ನಾನು ಗ್ರಂಧಿಗೆ ಅಂಗಡಿಯ ಪೊಟ್ಟಣ ತಂದುಕೊಟ್ಟೆ. ನಿನ್ನ ಡಬ್ಬಿ ಕೊಡು, ಮೊದಲು ಅದಕ್ಕೇ ತುಂಬ್ತೀನಿ ಅಂದರು. ಡಬ್ಬಿ ಇಲ್ಲ. ಕಳೆದುಹೋಯಿತು ಅನ್ನಬಹುದಿತ್ತು, ಬಾಯಿಗೂ ಬಂತು. ಮೇಕಪ್ ಅಂದಷ್ಟೇ ಸಲೀಸಾಗಿ ಬಂತು. ಅದಕ್ಕೇ ಹೆದರಿ, ಅಲ್ಲೇ ನೆಲಕ್ಕೆ ಕೂತು ಮೊದಲಿನಿಂದ ಎಲ್ಲ ಹೇಳಿದೆ.

ನ್ಯೂಟ್ರಾನ್ ಅಂದರೆ ಏನು ಅಂತ ಅವರು ಕೇಳಲಿಲ್ಲ. ನಾನಿಟ್ಟ ಕುಂಕುಮದಿಂದ ಇಷ್ಟೆಲ್ಲ ಆಯಿತಾ ಅಂತಲೂ ಕೇಳಲಿಲ್ಲ. ಆ ಹುಡುಗಿಗೆ ಏನೂ ತೊಂದರೆ ಆಗಲಿಲ್ಲ ತಾನೇ ಅಂತ ಕೇಳಿ, ಇಲ್ಲ ಅಂದ ಮೇಲೆ ನಿಂಬೆ ಹಿಂಡುತ್ತ ಕೂತರು. ಬಿಳಿಗಾರ ಸೇರಿದ ಕಡೆ ಅರಿಶಿನ ಆಗಲೇ ಕೆಂಪಗಾಗುತ್ತಿತ್ತು.

"ಅದಿರ್ಲಿ, ನೀನ್ಯಾಕಮ್ಮ ಒರೆಸ್ದೆ?"

ಕಳಿಸುವ ಮಾಲು ಚೊಕ್ಕಟವಾಗಿರಲಿ ಅಂತ, ಅಂದೆ.

ಅತ್ತೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ನಾನಿಟ್ಟಿದ್ದು ಗಲೀಜಾ?"

ದನಿಯಲ್ಲಿ ಸಿಟ್ಟಿರಲಿಲ್ಲ.